ಹಾವಿನ ಪೊರೆ ಪೂರ್ತಿ ಬಿಡದಿದ್ದರೆ ಕಿತ್ತು ತೆಗೆಯಬಹುದಾ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ, ಮನೆಯಲ್ಲಿ ರೇಷ್ಮೆ ಸಾಕುತ್ತೇವೆ. ಎರಡು ವರ್ಷದಿಂದ ನಾನೊಂದು ಬಾಲ್ ಪೈಥಾನ್ ಸಾಕಿಕೊಂಡಿದ್ದೇನೆ. ಪ್ರತಿ ಸಲ ಪೊರೆ ತಲೆಯಿಂದ ಬಾಲದವರೆಗೆ ಒಂದೇ ಉದ್ದಕ್ಕೆ ಬರುತ್ತಿತ್ತು. ಈ ಸಲ ಚೂರು ಚೂರಾಗಿದೆ. ನಾಲ್ಕು ದಿನ ಆಯ್ತು, ಬೆನ್ನ ಮೇಲೆ ತೇಪೆ ಹಾಕಿದ ಹಾಗೆ ಅಂಟಿದೆ. ಬಾಲದ ತುದಿಯಲ್ಲಿ ಉಂಗುರದ ಹಾಗೆ ನಿಂತಿದೆ. ಒಂದು ಕಣ್ಣು ಮಂಜಾಗಿದೆ. ಗೆಳೆಯ ಚಿಮುಟದಲ್ಲಿ ಕಿತ್ತುಬಿಡು ಅಂತಾನೆ. ಅಮ್ಮ, "ಜ್ವರದಲ್ಲಿರೋ ಹುಳ ಮುಟ್ಟಬಾರದು, ಸುಮ್ನೆ ಬಿಡೋ" ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಗೆಳೆಯನ ಮಾತು ಕೇಳಬೇಡಿ. ಅಮ್ಮನ ಮಾತು ಅರ್ಧ ಕೇಳಿ.

ರೇಷ್ಮೆ ಮನೆಯವರಲ್ಲದ ಓದುಗರಿಗೆ ಒಂದು ಮಾತು. ರೇಷ್ಮೆ ಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಚರ್ಮ ಬಿಡುತ್ತದೆ. ಅದನ್ನು ನಮ್ಮ ಕಡೆ ಜ್ವರ ಅಂತಾರೆ. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಲ್ಲ, ಅಲುಗಾಡಿಸಲ್ಲ. ಸುಮಾರು ಒಂದು ದಿನಕ್ಕೆ ಅದೇ ಏಳುತ್ತದೆ. ಹಾವಿಗೂ ಇದು ಚೆನ್ನಾಗಿ ಹೊಂದುತ್ತದೆ. ಪೊರೆ ಬರುವಾಗ ಅದಕ್ಕೆ ಸರಿಯಾಗಿ ಕಣ್ಣು ಕಾಣಲ್ಲ, ಸಿಡುಕುತ್ತದೆ, ಎಷ್ಟೋ ಸಲ ಇಲಿಯನ್ನೂ ಮೂಸಿ ನೋಡಲ್ಲ. ಆ ದಿನಗಳಲ್ಲಿ ಎತ್ತಿಕೊಳ್ಳದೆ ಬಿಟ್ಟರೆ ಅದಕ್ಕೆ ಉಪಕಾರ. ಅಮ್ಮ ಹೇಳಿದ್ದು ಇಲ್ಲಿಯವರೆಗೆ ಸರಿ.

ವ್ಯತ್ಯಾಸ ಇರುವುದು ತೇವದಲ್ಲಿ. ಜ್ವರದ ಹುಳದ ಮೇಲೆ ನೀವು ಸುಣ್ಣದ ಪುಡಿ ಉದುರಿಸುತ್ತೀರಿ, ಹಾಸಿಗೆ ಒಣಗಲಿ ಅಂತ. ಹಾವಿಗೆ ಬೇಕಿರುವುದು ಇದಕ್ಕೆ ಪೂರ್ತಿ ತಿರುಗುಮುರುಗು. ಹಳೆ ಚರ್ಮಕ್ಕೂ ಹೊಸ ಚರ್ಮಕ್ಕೂ ನಡುವೆ ತೆಳ್ಳಗೆ ಒಂದು ದ್ರವ ಸೇರಿಕೊಳ್ಳುತ್ತದೆ. ಕಣ್ಣು ಹಾಲುನೀಲಿ ಬಣ್ಣಕ್ಕೆ ತಿರುಗುವುದು ಅದರಿಂದಲೇ. ಕೆಲವು ದಿನ ಕಳೆದು ಕಣ್ಣು ಮತ್ತೆ ತಿಳಿಯಾಗುತ್ತದೆ. ಅದಾಗಿ ವಾರದೊಳಗೆ ಹಾವು ಮೂತಿಯನ್ನು ಯಾವುದಾದರೂ ಒರಟು ಜಾಗಕ್ಕೆ ಉಜ್ಜಿ ಪೊರೆ ಬಿಡಿಸಿಕೊಂಡು ಹೊರಗೆ ಹರಿಯುತ್ತದೆ. ಬಿಗಿ ಬನಿಯನ್ ಕಳಚಿದರೆ ಒಳಮಗ್ಗುಲು ಹೊರಗಾಗಿ ಬರುತ್ತದಲ್ಲ, ಹಾಗೆ. ಗಾಳಿ ಒಣಗಿದ್ದರೆ, ಅಥವಾ ಹಾವಿನ ಮೈಯಲ್ಲೇ ನೀರು ಕಡಿಮೆಯಾಗಿದ್ದರೆ, ಹಳೆ ಚರ್ಮ ಸಡಿಲವಾಗಲ್ಲ. ಅಂಟು ಆರಿದ ಕಾಗದದ ಹಾಗೆ ಕೂತುಬಿಡುತ್ತದೆ, ಎಳೆದರೆ ಹರಿಯುತ್ತದೆ.

ಈಗ ಏನು ಮಾಡಬೇಕು ಅಂದರೆ, ಮೊದಲು ಬಾಲ. ಬಾಲ್ ಪೈಥಾನ್ ಹೆಸರಿಗೂ ಬಾಲಕ್ಕೂ ಸಂಬಂಧ ಇಲ್ಲ, ಹೆದರಿದಾಗ ಚೆಂಡಿನ ಹಾಗೆ ಸುತ್ತಿಕೊಳ್ಳುವುದರಿಂದ ಬಂದ ಹೆಸರು ಅದು. ಆದರೆ ನಿಮ್ಮ ಹಾವಿಗೆ ಸದ್ಯದ ಅಪಾಯ ಬಾಲದಲ್ಲೇ ಇದೆ. ಉಂಗುರವಾಗಿ ನಿಂತ ಪೊರೆ ಒಣಗುತ್ತಾ ಬಿಗಿಯಾಗುತ್ತದೆ, ರಕ್ತ ಓಡಾಡುವುದು ನಿಲ್ಲುತ್ತದೆ, ತುದಿ ಕಪ್ಪಾಗಿ ಒಣಗಿ ಉದುರುತ್ತದೆ. ಬೆನ್ನ ಮೇಲಿನ ತೇಪೆ ನಾಲ್ಕು ದಿನ ಇದ್ದರೂ ಪರವಾಗಿಲ್ಲ, ಬಾಲದ್ದು ಬಿಡಬೇಡಿ.

ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬ ತೆಗೆದುಕೊಳ್ಳಿ, ಗಾಳಿಗೆ ತೂತು ಮಾಡಿ. ಹಾವಿನ ಮೈಯ ಅರ್ಧ ಎತ್ತರಕ್ಕೆ ಬರುವಷ್ಟು ನೀರು ಸಾಕು. ನೀರಿನ ಬಿಸಿ 28ರಿಂದ 30 ಡಿಗ್ರಿ ಇರಲಿ. ಮಗುವಿಗೆ ನೀರು ಹಾಕುವಾಗ ಮುಟ್ಟಿ ನೋಡುವ ಲೆಕ್ಕ ಇಲ್ಲಿ ನಡೆಯಲ್ಲ, ಮಗುವಿಗೆ ಹಿತವಾದ ನೀರು ಹಾವಿಗೆ ಜಾಸ್ತಿ ಬಿಸಿ. ಕೈಗೆ ಬೆಚ್ಚಗೆ ಅನಿಸಬಾರದು. ಇಪ್ಪತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ. ಪಕ್ಕದಲ್ಲೇ ಕೂತಿರಿ, ಸುಸ್ತಾದ ಹಾವು ನೀರಿನಲ್ಲಿ ಮುಳುಗಿ ಸಾಯಬಹುದು.

ಆಮೇಲೆ ಒದ್ದೆ ಟವೆಲನ್ನು ಸಡಿಲವಾಗಿ ಹಿಡಿದು ಹಾವನ್ನು ಅದರೊಳಗೆ ಹರಿಯಲು ಬಿಡಿ. ಕೆಲಸ ಹಾವೇ ಮಾಡುತ್ತದೆ, ನಿಮ್ಮ ಕೈ ಅದಕ್ಕೊಂದು ಒರಟು ಕಲ್ಲು ಅಷ್ಟೆ. ಬಾಲದ ತುದಿಯನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ ಹಿಡಿದು ಎರಡು ಬೆರಳಿನ ನಡುವೆ ಮೆಲ್ಲಗೆ ಹೊರಳಿಸಿ, ತಲೆ ಕಡೆಯಿಂದ ತುದಿ ಕಡೆಗೆ. ಬರಲಿಲ್ಲವಾ, ನಾಳೆ ಮತ್ತೆ ನೆನೆಸಿ. ಎರಡು ಮೂರು ದಿನಕ್ಕೂ ಬರದಿದ್ದರೆ ಅಥವಾ ತುದಿಯ ಬಣ್ಣ ಬದಲಾಗಿದ್ದರೆ ವೈದ್ಯರ ಹತ್ತಿರ ಹೋಗಿ. ತಾಲ್ಲೂಕಿನ ಪಶು ಆಸ್ಪತ್ರೆಯವರು ದಿನವೂ ನೋಡುವುದು ಹಸು, ಕುರಿ. ಹಾವು ನೋಡಿ ಅಭ್ಯಾಸ ಇರುವ ವೈದ್ಯರು ಬೇಕೆಂದರೆ ಬೆಂಗಳೂರಿನಲ್ಲಿ ವಿಚಾರಿಸುವುದು ವಾಸಿ.

ಇನ್ನು ಕಣ್ಣು. ನಮ್ಮ ಭಾಷೆಯಲ್ಲಿ ಹಾವು ಬಿಡುವುದೂ ಪೊರೆ, ಅಜ್ಜಿ ಆಪರೇಷನ್ ಮಾಡಿಸಿಕೊಳ್ಳುವುದೂ ಪೊರೆ. ಅದಕ್ಕೇ ಎಷ್ಟೋ ಜನ ಮಂಜು ಕಣ್ಣು ನೋಡಿ ಹಾವು ಕುರುಡಾಯಿತು ಅಂತ ಗಾಬರಿಯಾಗುತ್ತಾರೆ. ಹಾವಿಗೆ ಮುಚ್ಚಿ ತೆರೆಯುವ ರೆಪ್ಪೆ ಇಲ್ಲ. ಅದರ ಬದಲು ಕಣ್ಣಿನ ಮೇಲೆ ಪಾರದರ್ಶಕ ಮುಚ್ಚಳ ಇದೆ, ಕನ್ನಡಕದ ಗಾಜಿನ ಹಾಗೆ. ಪೊರೆ ಬಿಡುವಾಗ ಅದರ ಮೇಲ್ಪದರವೂ ಕಳಚಬೇಕು. ನಿಮ್ಮ ಹಾವಿನ ಒಂದು ಕಣ್ಣಿನಲ್ಲಿ ಅದು ಉಳಿದಿರುವ ಹಾಗಿದೆ. ಎರಡೂ ಕಣ್ಣು ಪಕ್ಕಪಕ್ಕ ಹೋಲಿಸಿ ನೋಡಿ, ಉಳಿದಿರುವ ಕಡೆ ಸುಕ್ಕು ಸುಕ್ಕಾಗಿ ಕಾಣುತ್ತದೆ.

ಇಲ್ಲಿ ಚಿಮುಟ, ಉಗುರು, ಅಂಟು ಟೇಪ್ ಯಾವುದೂ ಬೇಡ. ಹಳೆ ಪದರದ ಜೊತೆ ಕೆಳಗಿನ ಮುಚ್ಚಳವೂ ಕಿತ್ತು ಬಂದರೆ ಕಣ್ಣು ಒಣಗಿ ಹೋಗಿಬಿಡುತ್ತದೆ. ನನ್ನ ಕಾರ್ನ್ ಸ್ನೇಕ್‌ಗೆ ಹೀಗಾದಾಗ ನಾನೂ ಒಂದು ಸಂಜೆ ಚಿಮುಟ ಹಿಡಿದು ಕೂತಿದ್ದೆ. ಕೈ ನಡುಗಿತು, ಎದ್ದುಬಿಟ್ಟೆ. ಮುಂದಿನ ಪೊರೆಯ ಜೊತೆ ಎರಡು ಪದರ ಒಟ್ಟಿಗೆ ಬಂತು. ತೇವ ಸರಿಯಿದ್ದರೆ ಸಾಮಾನ್ಯವಾಗಿ ಹೀಗೇ ಆಗುತ್ತದೆ. ಎರಡು ಸಲ ಪೊರೆ ಬಿಟ್ಟರೂ ಉಳಿದರೆ, ಕಣ್ಣು ಊದಿದರೆ, ಕೀವು ಕಂಡರೆ ಮಾತ್ರ ವೈದ್ಯರು.

ಕೊಬ್ಬರಿ ಎಣ್ಣೆ ಹಚ್ಚಬಹುದಾ ಅಂತ ಇನ್ನೂ ಕೆಲವರು ಕೇಳುತ್ತಾರೆ. ಬೇಡ.

ಎರಡು ವರ್ಷ ಸರಿಯಿದ್ದದ್ದು ಈಗೇಕೆ ಕೆಟ್ಟಿತು? ನನ್ನ ಅನುಮಾನ ಬಲ್ಬಿನ ಮೇಲೆ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುವವರೆಗೂ ನಮ್ಮ ಕಡೆ ರಾತ್ರಿ ಜೋರು ಚಳಿ. ಹಾವಿಗೆ ಬೆಚ್ಚಗಿರಲಿ ಅಂತ ಬಲ್ಬು ಉರಿಸುತ್ತೇವೆ, ಅದು ಗಾಜಿನ ಪೆಟ್ಟಿಗೆಯ ತೇವವನ್ನೆಲ್ಲ ಕುಡಿದುಬಿಡುತ್ತದೆ. ಹುಳದ ಮನೆಯಲ್ಲಿರುವಂಥ ತೇವದ ಮೀಟರ್ ಪೆಟ್ಟಿಗೆಯೊಳಗೂ ಒಂದು ಇಡಿ. ಬಾಲ್ ಪೈಥಾನ್‌ಗೆ ಉಳಿದ ದಿನ ಶೇ. 60ರ ಆಸುಪಾಸು, ಪೊರೆ ಬರುವಾಗ 70ರ ಆಸುಪಾಸು ಇರಲಿ. ಬೇಸಿಗೆಯಲ್ಲಿ ಚಾಕಿ ಹುಳಕ್ಕೆ, ಅಂದರೆ ಎಳೆಯ ರೇಷ್ಮೆ ಹುಳಕ್ಕೆ, ಒದ್ದೆ ಗೋಣಿತಾಟು ಇಳಿಬಿಡುವವರಿಗೆ ಇದೇನು ದೊಡ್ಡ ವಿದ್ಯೆಯಲ್ಲ. ಮೇಲಿನ ಜಾಲರಿಯ ಮುಕ್ಕಾಲು ಭಾಗ ಮುಚ್ಚಿ, ನೀರಿನ ಬಟ್ಟಲು ದೊಡ್ಡದಿಡಿ. ಕೆಳಗೆ ಕಾಗದದ ಬದಲು ಕೊಕೊಪೀಟ್ ಹಾಕಿ. ಜೊತೆಗೆ ಒಂದು ಡಬ್ಬಕ್ಕೆ ಬಾಗಿಲು ಕೊಯ್ದು, ಒಳಗೆ ಹಿಂಡಿದ ಒದ್ದೆ ಪಾಚಿ ಅಥವಾ ಕೊಕೊಪೀಟ್ ತುಂಬಿ. ಪೊರೆ ಹತ್ತಿರ ಬಂದಾಗ ಹಾವು ತಾನೇ ಹೋಗಿ ಒಳಗೆ ಕೂರುತ್ತದೆ. ಆದರೆ ಕೆಸರು ಮಾಡಬೇಡಿ. ಸದಾ ಒದ್ದೆಯಲ್ಲಿ ಮಲಗಿದರೆ ಹೊಟ್ಟೆಯ ಚರ್ಮ ಕೊಳೆಯುತ್ತದೆ.

ನೆನೆಸಿದ ನೀರನ್ನು ಚೆಲ್ಲುವ ಮೊದಲು ಒಮ್ಮೆ ನೋಡಿ. ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ತೇಲುತ್ತಿದ್ದರೆ ಅದು ಉಣ್ಣೆ ಜಾತಿಯ ಹುಳ. ಪೊರೆ ಕೆಡುವುದಕ್ಕೆ ಅದೂ ಒಂದು ಕಾರಣ. ಹೊಲಕ್ಕೆ ಹೊಡೆಯುವ ಔಷಧಿ ಮಾತ್ರ ಹೊಡೆಯಬೇಡಿ, ವೈದ್ಯರನ್ನು ಕೇಳಿ. ಹುಳದ ಮನೆಗೆ ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಹೊಡೆಯುವ ದಿನ ಹಾವಿನ ಪೆಟ್ಟಿಗೆ ದೂರ ಇರಲಿ. ಡಬ್ಬವನ್ನು ಅಡುಗೆಮನೆಯಲ್ಲಿ ತೊಳೆಯಬೇಡಿ, ಕೈಯನ್ನು ಸೋಪಿನಲ್ಲಿ ತೊಳೆಯಿರಿ. ಹಾವಿನ ಮೈಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು.

ಕಾಗದಪತ್ರದ ಮಾತೂ ಹೇಳಬೇಕು. ಬಾಲ್ ಪೈಥಾನ್ ಆಫ್ರಿಕಾದ ಹಾವು, 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಿರಬೇಕು. ನಮ್ಮ ಹೊಲದ ಕೇರೆಹಾವನ್ನಾಗಲಿ ಹೆಬ್ಬಾವನ್ನಾಗಲಿ ಸಾಕುವಂತಿಲ್ಲ, 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ.

ಮುಂದಿನ ಸಲ ಪೊರೆ ಬಿಟ್ಟಾಗ ಅದನ್ನು ತಕ್ಷಣ ಎಸೆಯಬೇಡಿ, ಪರ್ಸಿನಲ್ಲೂ ಇಟ್ಟುಕೊಳ್ಳಬೇಡಿ. ಹಸಿಯಿರುವಾಗಲೇ ಪೇಪರ್ ಮೇಲೆ ಬಿಡಿಸಿ, ಬೆಳಕಿಗೆ ಹಿಡಿದು ನೋಡಿ. ಎರಡು ಕಣ್ಣಿನ ಮುಚ್ಚಳ, ಒಂದು ಬಾಲದ ತುದಿ. ಮೂರೂ ಸಿಕ್ಕಿದರೆ ಹಾವಿಗೆ ಇಲಿ ಕೊಡಿ, ಹಸಿದಿರುತ್ತದೆ.