ಶಾಲೆಗೆ ಬಂದರೆ ದಿನಕ್ಕೆ ಎರಡು ಪೈಸೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಕರಾವಳಿಯ ಎರಡು ಜಿಲ್ಲೆಗಳಿಗೆ ಹಬ್ಬ. 2024ರಲ್ಲಿ ರಾಜ್ಯಕ್ಕೆ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ಸ್ಥಾನ ಅದಲುಬದಲು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.57, ಉಡುಪಿಯದು ಶೇ. 86.24. ಇಂಥ ಅಂಕಿಗಳನ್ನು ಕೇಳಿ ಕೇಳಿ ನಮ್ಮಲ್ಲೊಂದು ನಂಬಿಕೆ ಬೇರೂರಿದೆ: ಇಲ್ಲಿಯ ಜನರಿಗೆ ವಿದ್ಯೆಯ ಬೆಲೆ ಹುಟ್ಟಿನಿಂದಲೇ ಗೊತ್ತು; ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟು ಮಂಗಳೂರಿನ ಮೀನುಗಾರಿಕಾ ಬಂದರಿನ ಧಕ್ಕೆಯಲ್ಲಿ ಮೀನಿನ ಬುಟ್ಟಿ ಹೊರುವ ಹುಡುಗನ ಮನೆಯವರಿಗೆ ಮಾತ್ರ ಗೊತ್ತಿಲ್ಲ. ಆದ್ದರಿಂದ ಅವರಿಗೆ ಅರಿವು ಮೂಡಿಸಬೇಕು. ಇಲಾಖೆಯ ಸುತ್ತೋಲೆ, ಪೊಲೀಸರ ಜಾಗೃತಿ ಸಭೆ, ಸಂಘಸಂಸ್ಥೆಗಳ ಭಾಷಣ ಎಲ್ಲವೂ ನಿಂತಿರುವುದು ಈ ಊಹೆಯ ಮೇಲೆ.

ಜಿಲ್ಲೆಯ ಶಾಲೆಗಳ ಚರಿತ್ರೆಯನ್ನು ನೋಡಿದರೆ ಈ ಊಹೆ ನಿಲ್ಲುವುದಿಲ್ಲ. ಇಲ್ಲಿ ಬಡವರ ಮಕ್ಕಳನ್ನು ಶಾಲೆಗೆ ತಂದದ್ದು ಉಪದೇಶವಲ್ಲ. ಮಗುವಿನ ಒಂದು ದಿನದ ದುಡಿಮೆಗೆ ಆ ಮನೆಯಲ್ಲಿ ಎಷ್ಟು ಬೆಲೆ ಎಂಬ ಲೆಕ್ಕ ಹಾಕಿ, ಆ ಬೆಲೆಯನ್ನು ಹೇಗಾದರೂ ತುಂಬಿಕೊಟ್ಟವರು ಮಾತ್ರ ಗೆದ್ದಿದ್ದಾರೆ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿಗೆ ಕಾಲಿಟ್ಟದ್ದು 1834ರಲ್ಲಿ. ಎರಡೇ ವರ್ಷದಲ್ಲಿ ಅದರ ಕನ್ನಡ ಶಾಲೆ ಆರಂಭವಾಯಿತು. 1880ರಲ್ಲಿ ಜೆಸ್ವಿಟರ ಸಂತ ಅಲೋಶಿಯಸ್ ಕಾಲೇಜು, 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಹೈಸ್ಕೂಲು ಬಂದವು. ಊರಿಗೆ ವಿದ್ಯಾಕೇಂದ್ರವೆಂಬ ಹೆಸರು ತಂದದ್ದು ಇಂಥ ಸಂಸ್ಥೆಗಳೇ. ಆದರೆ ಹೈಸ್ಕೂಲಿನ ಬೆಂಚುಗಳಲ್ಲಿ ಹೆಚ್ಚಾಗಿ ಕುಳಿತದ್ದು, ಮಗ ಹತ್ತು ವರ್ಷ ಏನೂ ಸಂಪಾದಿಸದಿದ್ದರೂ ಒಲೆ ಉರಿಯುತ್ತಿದ್ದ ಮನೆಗಳ ಮಕ್ಕಳು. ಕಚೇರಿಯ ಗುಮಾಸ್ತಿಕೆ, ವಕೀಲಿಕೆ, ಮುಂದೆ ಬ್ಯಾಂಕಿನ ನೌಕರಿ ಅವರಿಗೆ ಕಣ್ಣೆದುರೇ ಕಾಣುತ್ತಿತ್ತು. ಅವರಿಗೆ ವಿದ್ಯೆಯ ಮಹತ್ವವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೇಳಿಕೊಟ್ಟರೂ ಪ್ರಯೋಜನವಿಲ್ಲದ ಕಡೆ ಕೈಹಾಕಿದವರು ಕುದ್ಮುಲ್ ರಂಗರಾಯರು. 1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಈ ಸಾರಸ್ವತ ಬ್ರಾಹ್ಮಣ, ಮಂಗಳೂರಿನಲ್ಲಿ ವಕೀಲರಾಗಿದ್ದವರು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಅಸ್ಪೃಶ್ಯರೆಂದು ದೂರವಿಟ್ಟಿದ್ದ ಸಮುದಾಯಗಳ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ದಲಿತರ ಏಳಿಗೆಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಕಟ್ಟಿದರು. ಮೇಲ್ಜಾತಿಯವರ ವಿರೋಧದಿಂದ ಶಾಲೆಯ ಜಾಗ ಬದಲಾಯಿತು, ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಇವೆಲ್ಲ ಅವರ ಜಯಂತಿಯಂದು ಪ್ರತಿ ವರ್ಷ ಕೇಳಿಬರುವ ಮಾತುಗಳು. ಅಷ್ಟಾಗಿ ಕೇಳಿಬರದ್ದು ಅವರ ಲೆಕ್ಕಾಚಾರ. ಮಗು ದನ ಮೇಯಿಸಲು ಹೋಗದೆ, ಗದ್ದೆಗೆ ಇಳಿಯದೆ ಶಾಲೆಯಲ್ಲಿ ಕುಳಿತರೆ ಮನೆಗೆ ನಷ್ಟ ಎಂಬುದನ್ನು ಅವರು ತಪ್ಪೆಂದು ವಾದಿಸಲಿಲ್ಲ, ಒಪ್ಪಿಕೊಂಡರು. ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು, ಮಧ್ಯಾಹ್ನ ಊಟ ಹಾಕಿದರು. ಅಕ್ಷರದ ಜೊತೆ ನೇಯ್ಗೆ, ಮರಗೆಲಸ ಕಲಿಸಿದರು. ಎರಡು ಪೈಸೆ ಆಮಿಷವಲ್ಲವೇ ಎಂದು ಕೇಳುವವರು ಆಗಲೂ ಇದ್ದಿರಬೇಕು, ಈಗಲೂ ಇದ್ದಾರೆ. ನನಗೆ ಅದು ಪರಿಹಾರಧನವಾಗಿ ಕಾಣುತ್ತದೆ. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಈ ಸಂಸ್ಥೆಯನ್ನು ನೋಡಿದಾಗ ರಂಗರಾಯರು ತೀರಿಕೊಂಡು ಆರು ವರ್ಷವಾಗಿತ್ತು. ರಾಜ್ಯ ಸರ್ಕಾರದ ಬಿಸಿಯೂಟ, ಅಂದರೆ ಅಕ್ಷರ ದಾಸೋಹ, ಆರಂಭವಾಗಲು 2002 ಬರಬೇಕಾಯಿತು.

ಮಗು ಶಾಲೆಗೆ ಬರಲಾಗದಿದ್ದರೆ ಶಾಲೆಯೇ ಮಗುವಿನ ಹೊತ್ತಿಗೆ ತೆರೆಯಬೇಕು ಎಂಬುದು ಎರಡನೆಯ ಪಾಠ. ಅದನ್ನು ಕಲಿಸಿದ ಊರು ಮುಂಬೈ, ಕಲಿತವರು ನಮ್ಮವರೇ. ಕಳೆದ ಶತಮಾನದ ಮೊದಲ ಭಾಗದಲ್ಲಿ ಉಡುಪಿ, ಕಾಪು, ಮುಲ್ಕಿ ಕಡೆಯ ಹುಡುಗರು ಮೀಸೆ ಮೊಳೆಯುವ ಮೊದಲೇ ಮುಂಬೈಗೆ ಹೊರಡುತ್ತಿದ್ದರು. ಹಗಲು ಹೋಟೆಲಿನಲ್ಲಿ ಲೋಟ ತೊಳೆಯುವುದು, ಕ್ಯಾಂಟೀನಿನಲ್ಲಿ ಚಹಾ ಹಂಚುವುದು; ರಾತ್ರಿ ಶಾಲೆ. 1902ರಲ್ಲಿ ಅಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಕರಾವಳಿಯ ಜಾತಿಸಂಘಗಳು ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದವು. ಈಗಿನ ಭಾಷೆಯಲ್ಲಿ ಹೇಳುವುದಾದರೆ ಆ ಹುಡುಗರೆಲ್ಲ ‘ಶಾಲೆಯಿಂದ ಹೊರಗುಳಿದ ಮಕ್ಕಳು’, ತಂದೆತಾಯಿಯ ಕಣ್ಣಿನಿಂದ ದೂರವಾದವರು, ದಾರಿ ತಪ್ಪಲು ಎಲ್ಲ ಅನುಕೂಲಗಳೂ ಇದ್ದವರು. ಅವರಲ್ಲಿ ಎಷ್ಟೋ ಜನ ಬ್ಯಾಂಕು, ಗಿರಣಿ, ವಿಮಾ ಕಚೇರಿಗಳಿಗೆ ಸೇರಿದರು, ಕೆಲವರು ವಕೀಲರಾದರು, ಕೆಲವರು ಹೋಟೆಲಿಗೇ ಮಾಲೀಕರಾದರು. ದುಡಿಮೆಯನ್ನು ಬಿಟ್ಟು ಬಾ ಎಂದು ಆ ಶಾಲೆಗಳು ಅವರಿಗೆ ಹೇಳಲಿಲ್ಲ.

ಊರಿನಲ್ಲಿ ಉಳಿದ ಮನೆಗಳ ಕಥೆ ಬೀಡಿಯದು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯ ನಂತರ ಕಾರ್ಖಾನೆಯಲ್ಲಿ ಸಾಲಾಗಿ ಕುಳಿತು ಬೀಡಿ ಕಟ್ಟುವ ವ್ಯವಸ್ಥೆ ಕುಗ್ಗಿ, ಕೆಲಸ ಮನೆಯ ಜಗಲಿಗೆ ಬಂತು. ಎಲೆ, ಹೊಗೆಸೊಪ್ಪು, ನೂಲು ಬೀಡಿ ಕಂಪನಿಯ ಬ್ರಾಂಚಿನಿಂದ ತರುವುದು, ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಕೊಡುವುದು. ಮಜೂರಿ ಸಾವಿರಕ್ಕೆ ಇಷ್ಟು ಎಂದು. ಉಳ್ಳಾಲದಿಂದ ಸುರತ್ಕಲ್‌ವರೆಗೆ, ಉಡುಪಿಯ ಹಳ್ಳಿಗಳಲ್ಲೂ, ಒಂದಿಡೀ ತಲೆಮಾರಿನ ಸಮವಸ್ತ್ರ, ಪುಸ್ತಕ, ಶುಲ್ಕಗಳ ಹಿಂದೆ ಇದ್ದದ್ದು ಅಮ್ಮಂದಿರ ಬೀಡಿಯ ಸೂಪು, ಅಂದರೆ ಬೀಡಿ ಕಟ್ಟುವಾಗ ಮಡಿಲಲ್ಲಿ ಇಟ್ಟುಕೊಳ್ಳುವ ಮೊರ. ಆದರೆ ಸಾವಿರ ತುಂಬಬೇಕಾದರೆ ಶಾಲೆಯಿಂದ ಬಂದ ಮಕ್ಕಳೂ, ಮುಖ್ಯವಾಗಿ ಹೆಣ್ಣುಮಕ್ಕಳು, ಎಲೆ ಕತ್ತರಿಸಬೇಕಿತ್ತು, ನೂಲು ಸುತ್ತಬೇಕಿತ್ತು. 1986ರ ಬಾಲಕಾರ್ಮಿಕ ಕಾಯ್ದೆ ಬೀಡಿಯನ್ನು ನಿಷೇಧದ ಪಟ್ಟಿಗೆ ಸೇರಿಸಿತು, ಮನೆಮಂದಿಯೊಂದಿಗೆ ಮಾಡುವ ಕೆಲಸಕ್ಕೆ ಮಾತ್ರ ವಿನಾಯಿತಿ ಕೊಟ್ಟಿತು. ಅಂದರೆ ಬೀಡಿ ನಡೆಯುತ್ತಿದ್ದ ಜಾಗಕ್ಕೇ ವಿನಾಯಿತಿ. ಹೀಗಿದ್ದೂ ಬೀಡಿ ಕಟ್ಟಿದ ತಾಯಂದಿರು ಮಕ್ಕಳನ್ನು ಶಾಲೆ ಬಿಡಿಸಲು ಆತುರಪಡಲಿಲ್ಲ. ಬೆನ್ನು ಬಗ್ಗಿಸಿ ಕೂರುವ ಆ ಕೆಲಸ ಮಗಳಿಗೆ ಬೇಡ ಎಂಬುದಕ್ಕಿಂತ ದೊಡ್ಡ ಶೈಕ್ಷಣಿಕ ಜಾಗೃತಿಯನ್ನು ನಾನು ಕಾಣೆ. 1976ರ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯಿಂದ ಬಂದ ವಿದ್ಯಾರ್ಥಿವೇತನ ಅದಕ್ಕೆ ಒಂದಿಷ್ಟು ಊರೆಗೋಲಾಯಿತು.

ಮಂಗಳೂರಿನ ಹಂಪನಕಟ್ಟೆಯಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬರ ಹೆಸರು ಇಲ್ಲಿ ಬಾರದೆ ಇರದು. ವಿದೇಶಿಯರು ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲಾಗದ ಸಂಕಟದಿಂದ 2000ದಲ್ಲಿ ತಮ್ಮ ಊರಾದ ನ್ಯೂಪಡ್ಪುವಿನಲ್ಲಿ ಶಾಲೆ ತೆರೆಯಿಸಿದವರು, ಪದ್ಮಶ್ರೀ ಪಡೆದವರು. ಅವರ ಕಥೆ ಪಠ್ಯಕ್ಕೂ ಸೇರಿದೆ, ಹೆಚ್ಚು ಹೇಳಬೇಕಾಗಿಲ್ಲ. ಒಂದು ಅಂಶ ಮಾತ್ರ: ಅಕ್ಷರ ಬಾರದವನಿಗೆ ಅಕ್ಷರದ ಬೆಲೆ ಗೊತ್ತಿಲ್ಲ ಎನ್ನುವವರು ಅವರನ್ನು ಸನ್ಮಾನಿಸುವಾಗಲಾದರೂ ಒಂದು ಕ್ಷಣ ಯೋಚಿಸಬಹುದು.

ಹಾಗಾದರೆ ಈಗ ತೊಡಕು ಎಲ್ಲಿದೆ? ಹಸಿವು ಮೊದಲಿನಷ್ಟಿಲ್ಲ. 2010ರ ಏಪ್ರಿಲ್‌ನಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಲ್ಲಿದೆ. ಆದರೆ ಅದರ ರಕ್ಷಣೆ ಹದಿನಾಲ್ಕು ವರ್ಷದವರೆಗೆ. ಮಂಗಳೂರಿನ ಬಂದರು, ಕುದ್ರೋಳಿ, ಬೆಂಗ್ರೆಯಂಥ ಕಡೆ ಹುಡುಗ ಜಾರುವುದು ಸರಿಯಾಗಿ ಅದರ ನಂತರ, ಎಂಟು ಮುಗಿದು ಒಂಬತ್ತಕ್ಕೆ ಹೋಗುವಾಗ. ಅದೇ ವಯಸ್ಸಿಗೆ ಧಕ್ಕೆಯಲ್ಲಿ, ಗ್ಯಾರೇಜಿನಲ್ಲಿ, ಶಾಮಿಯಾನ ಹಾಕುವ ಕೆಲಸದಲ್ಲಿ ಸಂಜೆಗೆ ಕೈತುಂಬ ನಗದು ಸಿಗುತ್ತದೆ. ಮೊಬೈಲ್ ಬರುತ್ತದೆ, ಯಾರದೋ ಬೈಕ್ ಬರುತ್ತದೆ, ‘ಅಣ್ಣ’ನೊಬ್ಬ ಸಿಗುತ್ತಾನೆ. ಗಾಂಜಾ, ಹೊಡೆದಾಟ, ಕೋಮುದ್ವೇಷದ ವಾಟ್ಸಾಪ್ ಗುಂಪು ಎಲ್ಲವೂ ಆ ಅಣ್ಣನ ಹಿಂದೆಯೇ ಬರುತ್ತವೆ. ಹುಡುಗನ ಒಂದು ದಿನಕ್ಕೆ ಶಾಲೆಯ ಹೊರಗಿರುವವರು ಬೆಲೆ ಕಟ್ಟಿದ್ದಾರೆ, ಶಾಲೆ ಕಟ್ಟಿಲ್ಲ.

ಪೋಷಕರ ಸಭೆಯ ಮಾತನ್ನೂ ಆಡಬೇಕು. ಅದು ಬೆಳಿಗ್ಗೆ ಹತ್ತೂವರೆಗೆ. ಮೀನು ಮಾರುವ ತಾಯಿ ಆ ಹೊತ್ತಿಗೆ ಬುಟ್ಟಿಯೊಂದಿಗೆ ಊರು ಸುತ್ತುತ್ತಿರುತ್ತಾಳೆ; ಬಂದರೆ ಆ ದಿನದ ವ್ಯಾಪಾರ ಹೋಯಿತು. ಮನೆಮಾತು ಬ್ಯಾರಿ, ತುಳು ಅಥವಾ ಕೊಂಕಣಿ. ಪುಸ್ತಕದ ಕನ್ನಡವೇ ಇಲ್ಲಿ ಕಲಿತ ಭಾಷೆ, ಸಭೆಯಲ್ಲಿ ನಡೆಯುವುದು ಅದಕ್ಕಿಂತ ಗಟ್ಟಿಯಾದ ಕಚೇರಿ ಕನ್ನಡ. ಬಾರದವರ ಹೆಸರಿನ ಮುಂದೆ ‘ನಿರಾಸಕ್ತ ಪೋಷಕರು’ ಎಂದು ಮನಸ್ಸಿನಲ್ಲೇ ಬರೆದುಬಿಡುತ್ತೇವೆ. ಇದೇ ಉಡುಪಿಯಲ್ಲಿ 1928ರಲ್ಲಿ, ಮುಂದೆ ಸಿಂಡಿಕೇಟ್ ಎಂದು ಹೆಸರಾದ ಬ್ಯಾಂಕು ಪಿಗ್ಮಿ ಠೇವಣಿ ಆರಂಭಿಸಿ, ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೇ ಹೋಗಿ ಸಂಗ್ರಹಿಸಿತು. ಕೂಲಿಯವನ ಬದುಕು ದಿನದ ಲೆಕ್ಕದಲ್ಲಿ ನಡೆಯುತ್ತದೆ ಎಂದು ಬ್ಯಾಂಕಿಗೆ ಅರ್ಥವಾಗಿ ಶತಮಾನವಾಗುತ್ತ ಬಂತು. ಶಾಲೆ ಇನ್ನೂ ವರ್ಷದ ಲೆಕ್ಕದಲ್ಲಿಯೇ ಇದೆ: ಜೂನ್‌ನಲ್ಲಿ, ಯಾಂತ್ರಿಕ ದೋಣಿಗಳು ದಡಕ್ಕೆ ಬಂದು ನಿಂತಾಗ, ಒಟ್ಟಿಗೆ ಎಲ್ಲ ಖರ್ಚು.

ಫಲ ಕೊಡಬಹುದಾದ ಮಾತುಗಳು ಇಲ್ಲವೆಂದಲ್ಲ. ಹತ್ತನೆಯ ತರಗತಿ ಪಾಸಾಗದವನ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ‘ಇಸಿಆರ್’ ಎಂದು ದಾಖಲಾಗುತ್ತದೆ; ಕೊಲ್ಲಿ ದೇಶಗಳಿಗೆ ಕೂಲಿಗೆ ಹೋಗಲು ಅವನಿಗೆ ಪ್ರತ್ಯೇಕ ವಲಸೆ ಅನುಮತಿ ಬೇಕು. ಗಲ್ಫ್ ಕನಸಿರುವ ಹುಡುಗನಿಗೆ ವಿದ್ಯೆಯ ಮಹತ್ವದ ಬಗ್ಗೆ ಅರ್ಧ ಗಂಟೆ ಮಾತನಾಡುವುದಕ್ಕಿಂತ ಈ ಮೂರಕ್ಷರ ತೋರಿಸುವುದು ಮೇಲು.

ಇನ್ನೊಂದು ಅವಕಾಶ ಕ್ಯಾಲೆಂಡರಿನಲ್ಲೇ ಇದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಧಕ್ಕೆಯ ಹುಡುಗರ ಕೈ ಖಾಲಿ. 2024ರಲ್ಲೂ 2025ರಲ್ಲೂ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ನಡೆದವು. ಎರಡನೆಯದೂ ಮೂರನೆಯದೂ ಬಂದದ್ದು ಮೇ ಕೊನೆಯಿಂದ ಆಗಸ್ಟ್ ಆರಂಭದ ನಡುವೆ, ಹೆಚ್ಚುಕಡಿಮೆ ಇದೇ ಮಳೆಗಾಲದ ಬಿಡುವಿನಲ್ಲಿ. ಎರಡು ವಿಷಯದಲ್ಲಿ ಡುಮ್ಕಿ ಹೊಡೆದು ಕೂತವನಿಗೆ ಬಂದರಿನ ಹತ್ತಿರವೇ ಒಂದು ಕೋಣೆ, ಗಣಿತ ಹೇಳಿಕೊಡುವ ಒಬ್ಬರು ಸಿಕ್ಕರೆ ಈ ಬಿಡುವಿನಲ್ಲೇ ಪರೀಕ್ಷೆಗೆ ಸಿದ್ಧನಾಗಬಹುದು. ಅರ್ಜಿ ಹೋಗಬೇಕಾದದ್ದು ಅವನು ಓದಿದ ಶಾಲೆಯ ಮೂಲಕ. ಆ ಮೆಟ್ಟಿಲು ಮತ್ತೆ ಹತ್ತಲು ಅವನಿಗೆ ನಾಚಿಕೆಯಾದರೆ, ಶಾಲೆಯಿಂದ ಯಾರಾದರೊಬ್ಬರು ಅರ್ಜಿ ಹಿಡಿದು ಧಕ್ಕೆಗೆ ಹೋಗಿ ಬರುವುದಕ್ಕೆ ಯಾವ ಸುತ್ತೋಲೆಯೂ ಅಡ್ಡಿಯಾಗಿಲ್ಲ.