ಹುಟ್ಟುವಾಗಲೇ ಹುಳು ಹೊತ್ತು ಬರುವ ನಾಯಿಮರಿ

ಸೋಮವಾರಪೇಟೆಯ ಚಿಕ್ಕಮ್ಮನ ಮನೆಯಲ್ಲಿ ನಾಯಿ ಐದು ಮರಿ ಹಾಕಿತ್ತು. ನಾನು ಹೋದಾಗ ಅವಕ್ಕೆ ಇಪ್ಪತ್ತೈದು ದಿನ. ಸೌದೆ ಕೊಟ್ಟಿಗೆಯಲ್ಲಿ ಗೋಣಿಚೀಲದ ಮೇಲೆ ಉರುಳಾಡುತ್ತಿದ್ದವು. ಕಾಲು ಕಡ್ಡಿಯ ಹಾಗೆ, ಹೊಟ್ಟೆ ಮಾತ್ರ ಗುಡಾಣ. ನೋಡ್ತಾ ಇದ್ದ ಹಾಗೇ ಒಂದು ಮರಿ ಕೆಮ್ಮಿ ವಾಂತಿ ಮಾಡಿತು. ಹಾಲಿನ ಜೊತೆ ಬೆಂದ ಶಾವಿಗೆಯಂಥ ಎರಡು ಎಳೆ ಬಿದ್ದವು. ಅದರಲ್ಲೊಂದು ನಿಧಾನವಾಗಿ ಸುರುಳಿ ಸುತ್ತಿಕೊಂಡಿತು.

"ಮಕ್ಕಳು ಬೆಲ್ಲ ತಿನ್ನಿಸಿರಬೇಕು ಕಣೋ" ಅಂದರು ಚಿಕ್ಕಮ್ಮ.

ಈ ಬೆಲ್ಲದ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಸಿಹಿಯಿಂದ ಹುಳು ಹುಟ್ಟುವುದಿಲ್ಲ. ನಾಯಿಯ ಕೂದಲು ಹೊಟ್ಟೆಗೆ ಹೋದರೆ ಕಾಯಿಲೆ ಬರುತ್ತದೆ ಅನ್ನುವುದೂ ಅಷ್ಟೇ, ಸುಮ್ನೆ ಹೆದರಿಕೆ. ಬೀದಿ ನಾಯಿಗೆ ಹುಳು ಇರುತ್ತದೆ, ಮನೆ ನಾಯಿಗೆ ಇರಲ್ಲ ಎಂಬ ನಂಬಿಕೆ ಮಾತ್ರ ಇವೆರಡಕ್ಕಿಂತ ಅಪಾಯದ್ದು. ಆ ಐದು ಮರಿಗಳು ಕೊಟ್ಟಿಗೆಯಿಂದ ಹೊರಗೇ ಬಂದಿರಲಿಲ್ಲ. ಮತ್ತೆ ಹುಳು ಎಲ್ಲಿಂದ ಬಂತು?

ತಾಯಿಯ ಹೊಟ್ಟೆಯಲ್ಲೇ ಬಂತು. ಈ ದುಂಡು ಹುಳುವಿನ ಹೆಸರು ಟಾಕ್ಸೊಕಾರ ಕೇನಿಸ್. ದೊಡ್ಡ ನಾಯಿ ಮಣ್ಣಿನಿಂದ ಇದರ ಮೊಟ್ಟೆ ನುಂಗಿದರೆ ಮರಿಹುಳುಗಳಲ್ಲಿ ಹೆಚ್ಚಿನವು ಕರುಳಲ್ಲಿ ಬೆಳೆಯುವುದಿಲ್ಲ. ಮಾಂಸಖಂಡಕ್ಕೆ ಹೋಗಿ ಮಲಗುತ್ತವೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ. ನಾವು ಕೊಡುವ ಮಾಮೂಲಿ ಹುಳುವಿನ ಮಾತ್ರೆ ಅವುಗಳನ್ನು ಮುಟ್ಟುವುದೂ ಇಲ್ಲ. ನಾಯಿ ಬಸಿರಾಗಿ ಸುಮಾರು 42 ದಿನ ಆಯಿತು ಅನ್ನುವಾಗ ಅವು ಎದ್ದು ಕೂರುತ್ತವೆ. ಮಾಸು ದಾಟಿ ಹುಟ್ಟದ ಮರಿಯ ಮೈ ಸೇರುತ್ತವೆ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಕಾಫಿ ಮೊಗ್ಗು ನೋಡಿದ್ದೀರಲ್ಲ. ಗಿಡದಲ್ಲಿ ಕಡ್ಡಿಯಂತೆ ಬಿಗಿದುಕೊಂಡು ಕಾಯುತ್ತಿರುತ್ತದೆ. ಹೂಮಳೆ ಬಿದ್ದು ಹತ್ತು ದಿನದೊಳಗೆ ತೋಟವೆಲ್ಲ ಬೆಳ್ಳಗಾಗುತ್ತದೆ. ಹುಳುವಿಗೆ ಬಸಿರೇ ಹೂಮಳೆ. ಇನ್ನೊಂದು ಹೋಲಿಕೆ ಬೇಕಾದರೆ, ಬೇಸಿಗೆಯಲ್ಲಿ ಗದ್ದೆಯ ಮಣ್ಣಲ್ಲಿ ಹೂತಿರುವ ಕಪ್ಪೆ ನೆನೆಸಿಕೊಳ್ಳಿ. ಮೊದಲ ಮಳೆಯ ರಾತ್ರಿ ಊರೆಲ್ಲ ಅದರದೇ ಸದ್ದು. ಎಲ್ಲ ಮರಿಹುಳುಗಳೂ ಒಟ್ಟಿಗೆ ಏಳುವುದಿಲ್ಲ ಅನ್ನುವುದು ಇನ್ನೂ ಚೋದ್ಯ. ಮುಂದಿನ ಬಸಿರಿಗೆ, ಅದರ ಮುಂದಿನದಕ್ಕೂ ಸ್ವಲ್ಪ ಉಳಿದಿರುತ್ತವೆ, ಬೀಜದ ಭತ್ತ ಎತ್ತಿಟ್ಟ ಹಾಗೆ.

ಮರಿ ಹುಟ್ಟಿದ ಮೇಲೆ ಹುಳುಗಳು ಅದರ ಶ್ವಾಸಕೋಶಕ್ಕೆ ಹೋಗಿ, ಕೆಮ್ಮಿನಲ್ಲಿ ಗಂಟಲಿಗೆ ಬಂದು, ನುಂಗಿದಾಗ ಕರುಳು ಸೇರುತ್ತವೆ. ಮೂರು, ನಾಲ್ಕು ವಾರಕ್ಕೆ ಮರಿಯ ಕಕ್ಕದಲ್ಲಿ ಮೊಟ್ಟೆ ಶುರು. ಒಂದು ಹೆಣ್ಣು ಹುಳು ದಿನಕ್ಕೆ ಲಕ್ಷ ದಾಟಿ ಮೊಟ್ಟೆ ಇಡಬಲ್ಲದು. ಮಕ್ಕಳು ಎತ್ತಿ ಮುದ್ದಾಡುವ ವಯಸ್ಸೂ ಅದೇ ಅಲ್ವಾ?

ಮಣ್ಣಲ್ಲಿ ಬಿದ್ದ ಮೊಟ್ಟೆ ಕೈಯಿಂದ ಬಾಯಿಗೆ ಹೋಗಿ ಮನುಷ್ಯನ ಹೊಟ್ಟೆ ಸೇರಿದರೆ, ಅದರಿಂದ ಬಂದ ಮರಿಹುಳು ದೊಡ್ಡದಾಗುವುದೇ ಇಲ್ಲ. ಮಡಿಕೇರಿಯ ಮಂಜಿನಲ್ಲಿ ದಾರಿ ತಪ್ಪಿದ ಹೊಸಬನಂತೆ ಸುಮ್ನೆ ಅಲೆಯುತ್ತದೆ. ಯಕೃತ್ತು, ಶ್ವಾಸಕೋಶ, ಅಪರೂಪಕ್ಕೆ ಕಣ್ಣು. ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ಕಣ್ಣಿಗೆ ಹೋದರೆ ಮಾತ್ರ ದೃಷ್ಟಿಯನ್ನೇ ಕಳೆಯಬಹುದು.

ಇದು ತಿಳಿದ ಕಥೆ ಸಂಕಟದ್ದು. ಅಮೆರಿಕದಲ್ಲಿ ಹೆಲೆನರ್ ವೈಲ್ಡರ್ ಎಂಬ ವಿಜ್ಞಾನಿ, ತೆಗೆದುಹಾಕಿದ್ದ 46 ಕಣ್ಣುಗಳನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬಹುಪಾಲು ಮಕ್ಕಳ ಕಣ್ಣುಗಳು. ಕ್ಯಾನ್ಸರ್ ಗೆಡ್ಡೆ ಇರಬೇಕು ಎಂಬ ಅನುಮಾನದಲ್ಲಿ ತೆಗೆದಿದ್ದವು. 24 ಕಣ್ಣುಗಳಲ್ಲಿ ಸಿಕ್ಕಿದ್ದು ಹುಳುವಿನ ಮರಿ, ಇಲ್ಲವೇ ಅದರ ಗುರುತು. 1950ರಲ್ಲಿ ಅದನ್ನು ಪ್ರಕಟಿಸಿದರು. ಅವರು ಅದನ್ನು ಕೊಕ್ಕೆಹುಳು ಎಂಬ ಬೇರೆ ಜಾತಿಯ ಹುಳು ಎಂದುಕೊಂಡಿದ್ದರು. 1956ರಲ್ಲಿ ನಿಕೋಲ್ಸ್ ಎಂಬುವರು ಅವೇ ಸೀಳುಗಳನ್ನು ಮತ್ತೆ ನೋಡಿ, ಕೆಲವದರಲ್ಲಿ ಇರುವುದು ನಾಯಿಯ ದುಂಡು ಹುಳು ಎಂದು ಗುರುತಿಸಿದರು. ಆ ಮಕ್ಕಳ ಕಣ್ಣು ನೆನೆದರೆ ನನಗೆ ಈಗಲೂ ಹೊಟ್ಟೆ ಕಲಕುತ್ತದೆ.

ಈ ಹುಳುವಿನ ಮೊಟ್ಟೆಯ ಚಿಪ್ಪು ಗಾಲ್ಫ್ ಚೆಂಡಿನಂತೆ ಗುಳಿಗುಳಿಯಾಗಿರುತ್ತದೆ, ಬಲು ಗಟ್ಟಿ. ಫಿನಾಯಿಲ್ ಹಾಕಿದರೂ ಜಗ್ಗುವುದಿಲ್ಲ. ಅದಕ್ಕೆ ಆಗದಿರುವುದು ಬಿಸಿಲು ಮತ್ತು ಒಣನೆಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡೂ ಸಿಗುವುದು ಕಷ್ಟ. ಅಂಗಳದ ಪಾಚಿ, ಮರದ ನೆರಳು, ನೆನೆದ ಮಣ್ಣು ಎಲ್ಲವೂ ಅದಕ್ಕೆ ಅನುಕೂಲ. ಕುಶಾಲನಗರ, ವಿರಾಜಪೇಟೆಯಲ್ಲಿ ಮನೆ ಪಕ್ಕ ಮನೆ ಎದ್ದು, ಅಂಗಳ ಅಂದರೆ ನಾಲ್ಕು ಹೆಜ್ಜೆ ಮಣ್ಣು ಅನ್ನುವ ಹಾಗಾಗಿದೆ. ನಾಯಿ ಹೋಗುವುದೂ ಅಲ್ಲೇ, ಮಕ್ಕಳು ಆಡುವುದೂ ಅಲ್ಲೇ.

ಆದರೆ ಈ ಹುಳುವಿಗೆ ಒಂದು ದೊಡ್ಡ ಕೊರತೆ ಇದೆ, ನನಗೆ ಅದೇ ಸಂತೋಷದ ಸುದ್ದಿ. ಹೊಸ ಕಕ್ಕದಲ್ಲಿರುವ ಮೊಟ್ಟೆ ಯಾರಿಗೂ ಅಂಟುವುದಿಲ್ಲ. ಮಣ್ಣಲ್ಲಿ ಎರಡು, ಮೂರು ವಾರ ಮಾಗಬೇಕು. ಹಾಗಾಗಿ ಇವತ್ತಿನದನ್ನು ಇವತ್ತೇ ಎತ್ತಿ ಹಾಕಿದರೆ ಸರಪಳಿ ಅಲ್ಲೇ ತುಂಡು. ಚರ್ಮ ಕೊರೆದು ಒಳಹೋಗುವ ನಾಯಿಯ ಕೊಕ್ಕೆಹುಳು ಮಾತ್ರ ಬೇಗ ತಯಾರಾಗುತ್ತದೆ, ಒಂದು ವಾರ ಸಾಕು. ಬರಿಗಾಲಲ್ಲಿ ಓಡಾಡುವ ಅಂಗಳವಾದರೆ ದಿನಾ ಎತ್ತುವುದು ಇನ್ನೂ ಮುಖ್ಯ.

ಇದನ್ನೆಲ್ಲ ಚಿಕ್ಕಮ್ಮನಿಗೆ ಹೇಳಿದೆ. ಮರಿಗೆ ಎರಡು, ನಾಲ್ಕು, ಆರು, ಎಂಟನೇ ವಾರಕ್ಕೆ ಹುಳುವಿನ ಔಷಧಿ, ಜೊತೆಗೆ ತಾಯಿಗೂ. ಮೊದಲನೆಯದು ತಪ್ಪಿಹೋಗಿತ್ತು, ನಾಳೆಯೇ ಶುರು ಮಾಡೋಣ ಅಂದೆ.

"ತಾಯಿಗೆ ಯಾಕೋ? ಅದು ಗಟ್ಟಿಮುಟ್ಟಾಗಿದೆಯಲ್ಲ."

ನಾನು ಕೊಟ್ಟಿಗೆ ಕಡೆ ಕೈ ತೋರಿಸಿದೆ. ವಾಂತಿ ಮಾಡಿದ ಮರಿಯನ್ನು ತಾಯಿ ಮುಖದಿಂದ ಬಾಲದವರೆಗೆ ನೆಕ್ಕುತ್ತಿತ್ತು. ಚಿಕ್ಕಮ್ಮ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅಡುಗೆಮನೆಗೆ ಹೋಗಿ, ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕ ತಾರೀಕುಗಳಿಗೆ ಸುತ್ತು ಹಾಕಿದರು.