ಅಳತೆ ಒಂದೇ, ರೇಡಿಯೇಟರ್ ಬೇರೆ

"ಅಣ್ಣಾ, ಅಳತೆ ಒಂದೇ ಇದೆ, ಪೈಪೂ ಅದೇ ಜಾಗದಲ್ಲಿದೆ, 700 ರೂಪಾಯಿ ಕಡಿಮೆ. ಇದನ್ನೇ ಹಾಕಿಬಿಡಿ." ಹಾಸನದ ನನ್ನ ಗ್ಯಾರೇಜಿಗೆ ಹೊಸ ರೇಡಿಯೇಟರ್‌ನ ರಟ್ಟಿನ ಡಬ್ಬ ಹಿಡಿದು ಬರುವವರು ಹೇಳುವ ಮಾತು ಇದೇ. ಹಳೇ ಕಾರು ಇಟ್ಟುಕೊಂಡವರಿಗೆ ದುಡ್ಡಿನ ಲೆಕ್ಕ ಇದ್ದೇ ಇರುತ್ತದೆ. ಅದು ತಪ್ಪಲ್ಲ. ಆದರೆ "ಅಳತೆ ಒಂದೇ" ಅಂದಾಗ ನನಗೆ ತಾಳ್ಮೆ ತಪ್ಪುತ್ತದೆ.

ಉದ್ದ ಅಗಲ ಸರಿಯಿದ್ದರೆ ರೇಡಿಯೇಟರ್ ಕಾರಿನಲ್ಲಿ ಕೂರುತ್ತದೆ, ಅಷ್ಟೇ. ಇಂಜಿನ್ನಿನಿಂದ ಬರುವ ಬಿಸಿನೀರನ್ನು ತಂಪು ಮಾಡುವುದು ನಡುವಿನ ಕೋರ್, ಅಂದರೆ ಟ್ಯೂಬು-ಫಿನ್‌ಗಳ ಜಾಲರಿ. ಬಿಸಿ ಕಾಫಿ ಲೋಟದಲ್ಲೇ ಇದ್ದರೆ ಬೇಗ ಆರುವುದಿಲ್ಲ, ಬಟ್ಟಲಿಗೆ ಸುರಿದರೆ ಆರುತ್ತದೆ ಅಲ್ವಾ? ಗಾಳಿ ತಾಗುವ ಜಾಗ ಜಾಸ್ತಿಯಾಯಿತು, ಅದಕ್ಕೆ. ಕೋರ್‌ನಲ್ಲೂ ಅದೇ ಲೆಕ್ಕ. ಬಿಸಿನೀರು ಟ್ಯೂಬುಗಳಲ್ಲಿ ಇಳಿಯುತ್ತದೆ, ಅವುಗಳ ನಡುವಿನ ತೆಳು ಫಿನ್‌ಗಳು ಆ ಬಿಸಿಯನ್ನು ಗಾಳಿಗೆ ಕೊಡುತ್ತವೆ. 26 ಮಿಲಿಮೀಟರ್ ದಪ್ಪದ ಕೋರ್ ಇರಬೇಕಾದಲ್ಲಿ 16 ಮಿಲಿಮೀಟರ್‌ದು ಹಾಕಿದರೆ ಎದುರಿನಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಫಿನ್‌ಗಳನ್ನು ಬಿಡಿಬಿಡಿಯಾಗಿ ಇಟ್ಟರೂ ಅಷ್ಟೇ. ಅದಕ್ಕೇ ಪಕ್ಕದಿಂದ ನೋಡಿ. ಸ್ಕೇಲ್ ಇಟ್ಟು ಒಂದು ಇಂಚಿನಲ್ಲಿ ಎಷ್ಟು ಫಿನ್ ಇವೆ ಅಂತ ಎಣಿಸಿ. ಹಳೆಯದನ್ನೂ ಹೊಸದನ್ನೂ ಎರಡು ಕೈಯಲ್ಲಿ ತೂಗಿ ನೋಡಿ. ಎರಡೂ ಅಲ್ಯೂಮಿನಿಯಂ ಆಗಿದ್ದು ಹೊಸದು ತುಂಬಾ ಹಗುರವಾಗಿದ್ದರೆ ಅನುಮಾನ ಪಡಿ.

ಒಬ್ಬರು ನಿವೃತ್ತ ಮೇಷ್ಟ್ರು, ನನಗೆ ಬಹಳ ಬೇಕಾದವರು. ಅವರದು ಏಸಿ ಇರುವ 1999ರ ಮಾರುತಿ 800. ಬೇರೆ ಕಡೆ ತೆಳು ಕೋರ್‌ನ ರೇಡಿಯೇಟರ್ ಹಾಕಿಸಿಕೊಂಡರು. ಮೂರು ತಿಂಗಳು ಊರೊಳಗೆ ಏನೂ ತೊಂದರೆ ಇಲ್ಲ. ಧರ್ಮಸ್ಥಳಕ್ಕೂ ಆರಾಮಾಗಿ ಇಳಿದರು. ವಾಪಸ್ ಬರುವಾಗ ಶಿರಾಡಿ ಘಾಟಿ, ನಾಲ್ಕು ಜನ, ಏಸಿ ಆನ್, ಮುಂದೆ ಲಾರಿ. ಎರಡನೇ ಗೇರಿನಲ್ಲಿ ಏರುವಾಗ ಇಂಜಿನ್ ಮೈಮುರಿದು ದುಡಿಯುತ್ತದೆ, ಎದುರಿನಿಂದ ನುಗ್ಗುವ ಗಾಳಿ ಮಾತ್ರ ಕಡಿಮೆ. ಹೀಟ್ ತೋರಿಸುವ ಮೀಟರಿನ ಮುಳ್ಳು ಮೇಲಕ್ಕೆ ಹೋಯಿತು. ಪುಣ್ಯಕ್ಕೆ ಅವರು ಗಾಡಿ ನಿಲ್ಲಿಸಿ ನನಗೆ ಫೋನ್ ಮಾಡಿದರು. "ಇನ್ನೊಂದು ಸ್ವಲ್ಪ ಎಳೆದುಬಿಡೋಣ" ಅಂದಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಸೀಲು, ಹೋಗುತ್ತಿತ್ತು. ಆ ಖರ್ಚಿನ ಮುಂದೆ 700 ರೂಪಾಯಿ ಏನು?

ಹಾಗಂತ ಕಡಿಮೆ ಬೆಲೆಯದೆಲ್ಲ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಕಂಪನಿ ಡಬ್ಬದಲ್ಲಿ ಬರದ ಒಳ್ಳೆಯ ರೇಡಿಯೇಟರ್‌ಗಳನ್ನು ನಾನೇ ಹಾಕಿದ್ದೇನೆ. ಅಲ್ಯೂಮಿನಿಯಂ ಅಂದಮಾತ್ರಕ್ಕೆ ಬೇಡ ಅನ್ನಬೇಕಾಗಿಲ್ಲ. ನಿಮ್ಮದು ಅಂಬಾಸಿಡರ್ ಅಥವಾ ಪದ್ಮಿನಿ ಆದರೆ ಕೋರ್‌ನ ಮೇಲೆ ಕೆಳಗೆ ಇರುವ ಹಳೇ ಹಿತ್ತಾಳೆ ಟ್ಯಾಂಕನ್ನು ದಯವಿಟ್ಟು ಗುಜರಿಗೆ ಹಾಕಬೇಡಿ. ಟ್ಯಾಂಕ್ ಗಟ್ಟಿಯಿದ್ದರೆ ಅದಕ್ಕೇ ಹೊಸ ಕೋರ್ ಬೆಸುಗೆ ಹಾಕಿಸಬಹುದು. ಆ ಕೆಲಸ ಬಲ್ಲವರು ಈಗ ಕಡಿಮೆಯಾಗುತ್ತಿದ್ದಾರೆ. ಅದು ನನಗೆ ನಿಜಕ್ಕೂ ಬೇಸರದ ವಿಷಯ.

ಇನ್ನೊಂದು. ಗಾಡಿ ಹೀಟ್ ಆಗುವುದಕ್ಕೆಲ್ಲ ರೇಡಿಯೇಟರೇ ಕಾರಣ ಅಲ್ಲ. ಫ್ಯಾನ್, ಬಿಸಿ ನೋಡಿಕೊಂಡು ನೀರು ಬಿಡುವ ಥರ್ಮೋಸ್ಟಾಟ್, ವಾಟರ್ ಪಂಪ್ ಮೊದಲು ನೋಡಿಸಿ. ರೇಡಿಯೇಟರ್ ಮುಚ್ಚಳವನ್ನೂ ನೋಡಿಸಿ. ಅದು ಒತ್ತಡ ಹಿಡಿದಿಟ್ಟರೆ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ರಬ್ಬರ್ ಸತ್ತ ಹಳೇ ಮುಚ್ಚಳವನ್ನು ಹೊಸ ರೇಡಿಯೇಟರಿಗೆ ಹಾಕಿ ಅಂತ ಹಟ ಮಾಡುವವರಿದ್ದಾರೆ. ನಾನು ಹಾಕುವುದಿಲ್ಲ. ಬೋರ್‌ವೆಲ್ ನೀರನ್ನೂ ಹಾಕುವುದಿಲ್ಲ. ಸ್ನಾನದ ಹಂಡೆಯೊಳಗೆ ಕಟ್ಟುವ ಬಿಳಿ ಪೊರೆ ಟ್ಯೂಬಿನೊಳಗೂ ಕಟ್ಟುತ್ತದೆ.

ಅಂಗಡಿಗೆ ಹೋಗುವಾಗ ಹಳೇ ರೇಡಿಯೇಟರ್ ಬಿಚ್ಚಿಸಿ ಜೊತೆಗೇ ಒಯ್ಯಿರಿ. ಏಸಿ ಗಾಡಿಯೋ ಅಲ್ಲವೋ, ಯಾವ ವರ್ಷದ್ದು, ಕಾರ್ಬ್ಯುರೇಟರೋ ಎಂಪಿಎಫ್‌ಐಯೋ (ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ ಇಂಜಿನ್), ಮೊದಲೇ ಹೇಳಿ. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ, ಪಕ್ಕದಿಂದ ನೋಡಿ. ಆಮೇಲೆ ರೇಟು ಕೇಳಿ.